ರೂಢಿ ಯಾರದು, ಶೈಲಿ ಯಾರದು

ಮೆಲ್ಕಾರಿನಲ್ಲಿ ಮುಡಿಪಿನ ಕಡೆಗೆ ಹೋಗಲು ನಿಂತವರು "ಇನ್ನು ಬಸ್ಸುಂಟಾ?" ಎಂದು ಕೇಳುತ್ತಾರೆ. ಮೈಸೂರಿನಲ್ಲಾದರೆ "ಬಸ್ ಇದ್ಯಾ?" ಎಂದಿರುತ್ತಿದ್ದರು. ಈಗ ಒಂದು ಕತೆಯಲ್ಲಿ 'ಉಂಟು' ಹತ್ತು ಸಲ ಬಂತೆನ್ನಿ. ಬರೆದವರು ಮೈಸೂರಿನವರಾದರೆ ಅದು ಬೇಕೆಂದೇ ಆರಿಸಿಕೊಂಡ ಪದ. ಯಾಕೆ ಆರಿಸಿಕೊಂಡರು ಎಂದು ವಿಮರ್ಶಕ ಕೇಳಲೇಬೇಕು. ಬರೆದವರು ಪಾಣೆಮಂಗಳೂರಿನವರಾದರೆ ಅದು ಮನೆಮಾತು. ಅವರು 'ಇದೆ' ಎಂದು ಬರೆದ ಕಡೆಯೇ ನಾವು ನಿಂತು ನೋಡಬೇಕಾದದ್ದು. ಒಂದು ಕೃತಿಯ ಶೈಲಿಯನ್ನು ಹೇಳಬೇಕಾದರೆ ಮೊದಲು ಆ ಊರಿನ, ಆ ಕಾಲದ ರೂಢಿ ಏನೆಂದು ತಿಳಿದಿರಬೇಕು. ಕನ್ನಡದಲ್ಲಿ ಸುಮಾರು 1,200 ವರ್ಷಗಳಿಂದ ನಡೆದುಬಂದ ಶೈಲಿಯ ಚರ್ಚೆ ಮತ್ತೆ ಮತ್ತೆ ಬಂದು ನಿಲ್ಲುವುದು ಈ ಪ್ರಶ್ನೆಯ ಬಳಿಯೇ.

ಸುಮಾರು ಕ್ರಿ.ಶ. 850ರ 'ಕವಿರಾಜಮಾರ್ಗ'ದ ಹೆಸರಿನಲ್ಲೇ ಶೈಲಿಯ ವಿಚಾರ ಇದೆ. ಮಾರ್ಗ ಎಂದರೆ ಕವಿ ನಡೆಯುವ ದಾರಿ. ದಂಡಿಯ 'ಕಾವ್ಯಾದರ್ಶ'ವನ್ನು ಎದುರಿಗಿಟ್ಟುಕೊಂಡು ಬರೆದ ಈ ಗ್ರಂಥ ದಕ್ಷಿಣ ಮಾರ್ಗ, ಉತ್ತರ ಮಾರ್ಗ ಎಂದು ಎರಡು ದಾರಿ ಗುರುತಿಸುತ್ತದೆ. ಆದರೆ ಅದರ ನಿಜವಾದ ತಳಮಳ ಬೇರೆ ಕಡೆ ಇದೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನದು ಕನ್ನಡದ ತಿರುಳು ಎಂದು ಹೇಳಿ, ಮಿಕ್ಕ ಕನ್ನಡಗಳು ಎಷ್ಟು ಬಗೆಯವೆಂದರೆ ಸಾವಿರ ನಾಲಗೆಯ ವಾಸುಕಿಗೂ ಎಣಿಸಿ ಮುಗಿಯದು ಎನ್ನುತ್ತದೆ. ಒಂದು ರೂಢಿಯನ್ನು ನಡುವೆ ಇಟ್ಟ ಮೇಲಲ್ಲವೇ ಉಳಿದದ್ದು ಗುಣವೋ ದೋಷವೋ ಎಂದು ತೂಗಲು ಬರುವುದು! ಆ ತಕ್ಕಡಿಯಲ್ಲಿ ಕರಾವಳಿಯ ಕನ್ನಡಕ್ಕೆ ಜಾಗ ಇರಲಿಲ್ಲ.

ಸಂಸ್ಕೃತದ ಮೀಮಾಂಸಕರಲ್ಲಿ ವಾಮನ ರೀತಿಯೇ ಕಾವ್ಯದ ಆತ್ಮ ಎಂದ. ವೈದರ್ಭಿ, ಗೌಡಿ, ಪಾಂಚಾಲಿ ಎಂಬ ಅವನ ರೀತಿಗಳಿಗೆಲ್ಲ ದೇಶಗಳ ಹೆಸರು. ಕುಂತಕ ಇದನ್ನು ಒಪ್ಪಲಿಲ್ಲ. ದೇಶಕ್ಕೊಂದು ರೀತಿಯಾದರೆ ರೀತಿಗಳಿಗೆ ಲೆಕ್ಕವೇ ಇರದು. ಕಾವ್ಯ ಬರೆಯುವುದೇನು ಸೋದರಮಾವನ ಮಗಳನ್ನು ಮದುವೆಯಾಗುವ ಹಾಗೆ ಆಯಾ ನಾಡಿನ ಪದ್ಧತಿಯೇ ಎಂದು ಕೇಳಿದ. ಸುಕುಮಾರ, ವಿಚಿತ್ರ, ಮಧ್ಯಮ ಎಂದು ಮೂರು ಮಾರ್ಗ ಮಾಡಿ ಅವನ್ನು ಕವಿಯ ಸ್ವಭಾವಕ್ಕೆ ಕಟ್ಟಿದ. ನನಗೆ ಕುಂತಕನ ಮೇಲೆ ಬಹಳ ಗೌರವ. ಆದರೂ ನಾಡಿನ ಮಾತಿನ ಪದ್ಧತಿಯನ್ನು ಅಷ್ಟು ಸುಲಭವಾಗಿ ಹೊರಗಿಡಲಾಗದು ಎಂದೇ ನನಗೆ ತೋರುತ್ತದೆ. ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' ಈ ಚರ್ಚೆಯನ್ನೆಲ್ಲ ತಿಳಿಗನ್ನಡದಲ್ಲಿ ಮುಂದಿಟ್ಟಿತು. ನನ್ನಂಥ ಎಷ್ಟೋ ಜನ ಕುಂತಕನ ಹೆಸರು ಕೇಳಿದ್ದು ಅಲ್ಲೇ.

ಕವಿಯ ಸ್ವಭಾವವೇ ಶೈಲಿ ಎನ್ನುವವರು ಮೂಡುಬಿದಿರೆಯ ರತ್ನಾಕರವರ್ಣಿಯನ್ನು ಒಮ್ಮೆ ಓದಬೇಕು. 1557ರಲ್ಲಿ ಮುಗಿದ 'ಭರತೇಶ ವೈಭವ' 80 ಸಂಧಿಗಳ, ಹತ್ತು ಸಾವಿರಕ್ಕೆ ಹತ್ತಿರದಷ್ಟು ಪದ್ಯಗಳ ಸಾಂಗತ್ಯ ಕಾವ್ಯ. ಕನ್ನಡಿಗರು, ತೆಲುಗರು, ತುಳುವರು ಎಲ್ಲರೂ ಕೇಳಿ ಮೆಚ್ಚಬೇಕೆಂದು ಹೊರಟ ಕವಿ ಇವನು. ವಾಕ್ಯ ಬಾಯಿಮಾತಿನ ಹಾಗೆ ಹರಿಯುತ್ತದೆ. ಅದೇ ಕವಿಯ ಶತಕಗಳನ್ನು ತೆರೆದರೆ ಸಂಸ್ಕೃತದ ಅಕ್ಷರವೃತ್ತಗಳು, ಬಿಗಿದು ಕಟ್ಟಿದ ಸಮಾಸಗಳು. ಕವಿ ಒಬ್ಬನೇ, ನಡೆ ಎರಡು. ಹಾಡುವ ಮಟ್ಟು ಬೇರೆಯಾದ ಕೂಡಲೇ ಪದದ ಉದ್ದ, ವಾಕ್ಯ ಮುಗಿಯುವ ಜಾಗ ಎಲ್ಲವೂ ಬೇರೆಯಾಗುತ್ತವೆ. ಹಾಗಾಗಿ ರೂಪದ ರೂಢಿಯನ್ನು ಕಳೆದು ಉಳಿದದ್ದನ್ನು ಮಾತ್ರ ಕವಿಯ ಲೆಕ್ಕಕ್ಕೆ ಬರೆಯಬೇಕು.

ಅದಕ್ಕೂ ಮೊದಲಿನ ಕೆಲಸವೊಂದಿದೆ: ಪಾಠ ಸರಿಯಿರಬೇಕು. ಮೂಡುಬಿದಿರೆ, ಕಾರ್ಕಳ ಮೊದಲಾದ ಕಡೆಗಳ ಭಂಡಾರಗಳಲ್ಲಿದ್ದ ತಾಡೋಲೆಗಳ ಸೂಚಿಯನ್ನು ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದರು. ಭಾರತೀಯ ಜ್ಞಾನಪೀಠ 1948ರಲ್ಲಿ ಅದನ್ನು ಅಚ್ಚು ಮಾಡಿತು. ಓಲೆ ಬರೆದವನ ಕೈತಪ್ಪನ್ನು ಕವಿಯ ಚಮತ್ಕಾರ ಎಂದು ಹೊಗಳುವ ಅಪಾಯದಿಂದ ನಮ್ಮನ್ನು ಉಳಿಸುವುದು ಇಂಥ ಸದ್ದಿಲ್ಲದ ಕೆಲಸಗಳು.

ಶೈಲಿ ಎಂಬುದು ವೇಷವೂ ಆಗಬಹುದು ಎಂದು ತೋರಿಸಿದವನು ಕಾರ್ಕಳದ ಕಡೆಯ ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದರೆ ಮುದ್ದಣ (1870–1901). ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದ ಈ ತರುಣ ಹಳಗನ್ನಡದಲ್ಲಿ ಬರೆದು, ತನ್ನ ಹೆಸರು ಮರೆಸಿ, ಹಳೆಯ ಕವಿಯದೆಂಬಂತೆ ಕೃತಿಗಳನ್ನು ಮೈಸೂರಿಗೆ ಕಳುಹಿಸಿದ. ವ್ಯಾಕರಣ ನೋಡಿದರೆ ಹಳತು. ಆದರೆ 'ಶ್ರೀರಾಮಾಶ್ವಮೇಧ'ದಲ್ಲಿ ಮುದ್ದಣ–ಮನೋರಮೆಯರ ಸರಸ ಬಂದಾಗ ಉಸಿರು ಹೊಸತು. ಗಂಡಹೆಂಡಿರು ಮಳೆಗಾಲದಲ್ಲಿ ಕೂತು, ಕತೆ ಪದ್ಯದಲ್ಲಿರಬೇಕೋ ಗದ್ಯದಲ್ಲೋ, ಸಂಸ್ಕೃತ ಎಷ್ಟು ಬೆರೆಸಬಹುದು ಎಂದು ಮಾತಾಡುತ್ತಾರೆ. ಶೈಲಿಶಾಸ್ತ್ರದ ಇಷ್ಟು ಸೊಗಸಾದ ಪಾಠ ಕನ್ನಡದಲ್ಲಿ ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ. ಪ್ರತ್ಯಯಗಳನ್ನು ಕಲಿತು ಹಳಬನಾಗಬಹುದು. ಹೆಂಡತಿ ಗಂಡನ ಮಾತನ್ನು ತಡೆದು ಕೇಳುವ ಆ ಲಯ ಮಾತ್ರ ಕಾಲವನ್ನು ಬಿಟ್ಟುಕೊಡುತ್ತದೆ.

ಶೈಲಿಯಿಂದ ಕರ್ತೃವನ್ನು ಹಿಡಿಯುವ ದೊಡ್ಡ ವಾದ ನಮ್ಮಲ್ಲಿ ನಡೆದದ್ದು ಯಕ್ಷಗಾನದ ಅಂಗಳದಲ್ಲಿ. ರಾಮಾಯಣ ಪ್ರಸಂಗಗಳು ಕುಂಬಳೆಯ ಪಾರ್ತಿಸುಬ್ಬನವೇ? ಹೌದೆಂದು ಮುಳಿಯ ತಿಮ್ಮಪ್ಪಯ್ಯನವರು, ಅವರ ಬಳಿಕ ಕುಕ್ಕಿಲ ಕೃಷ್ಣ ಭಟ್ಟರು ಪ್ರಮಾಣಗಳನ್ನು ಒದಗಿಸಿದರು. ಅಲ್ಲ, ಕವಿ ಬಡಗಿನ ಕಡೆಯವನು ಎಂದು ಶಿವರಾಮ ಕಾರಂತರು ವಾದಿಸಿದರು. ಸ್ತುತಿಪದ್ಯದಲ್ಲಿ ಬರುವ ದೇವರು ಯಾವ ಊರಿನವನು, ಪದಬಂಧ ಯಾವ ಸೀಮೆಯದು, ಮಲಯಾಳದ ರಾಮನಾಟ್ಟದ ಹಾಡುಗಳಿಗೆ ಹೋಲಿಕೆ ಎಷ್ಟು ಎಂದೆಲ್ಲ ಚರ್ಚೆಯಾಯಿತು. ಆದರೆ ಯಕ್ಷಗಾನದ ಪದ ಭಾಗವತರ ಬಾಯಿಂದ ಬಾಯಿಗೆ ಹೋಗುವಾಗ ಒಂದೊಂದು ಶಬ್ದ ಸವೆಯುತ್ತದೆ, ಮತ್ತೊಂದು ಸೇರಿಕೊಳ್ಳುತ್ತದೆ. ಶಬ್ದಕ್ಕಿಂತ ಮಟ್ಟು, ತಾಳ, ಪ್ರಾಸದ ಕಟ್ಟು ಹೆಚ್ಚು ಗಟ್ಟಿ ಸಾಕ್ಷಿ.

ಇದೇ ಬಗೆಯ ತಗಾದೆಗೆ ಅಮೆರಿಕದಲ್ಲಿ ಮೋಸ್ಟೆಲರ್, ವ್ಯಾಲೇಸ್ ಎಂಬ ಸಂಖ್ಯಾಶಾಸ್ತ್ರಜ್ಞರು 1964ರಲ್ಲಿ ಎಣಿಕೆಯಿಂದ ಉತ್ತರ ಹುಡುಕಿದರು. ಯಾರೂ ಗಮನಿಸದ ಚಿಕ್ಕಪುಟ್ಟ ಪದಗಳನ್ನು ಲೆಕ್ಕ ಹಾಕಿ, 'ಫೆಡರಲಿಸ್ಟ್' ಪ್ರಬಂಧಗಳಲ್ಲಿ ಬರೆದವರು ಯಾರೆಂದು ವಿವಾದವಿದ್ದ 12 ಮ್ಯಾಡಿಸನ್ನನವು ಎಂದರು. ಕನ್ನಡದಲ್ಲಿ ಆ ಚಿಕ್ಕಪುಟ್ಟವು ಬಿಡಿ ಪದಗಳಲ್ಲ, ಪ್ರತ್ಯಯಗಳಾಗಿ ಅಂಟಿಕೊಂಡಿರುತ್ತವೆ. ಸಂಧಿ ಬಿಡಿಸದೆ ಎಣಿಕೆ ಶುರುವಾಗುವುದೇ ಇಲ್ಲ. ಕಂಪ್ಯೂಟರಿಗೂ ವೈಯಾಕರಣ ಕೇಶಿರಾಜ ಬೇಕು.

ಎಣಿಕೆಗಿಂತ ಕಿವಿಯನ್ನು ನಂಬಿದವರು ಸೇಡಿಯಾಪು ಕೃಷ್ಣ ಭಟ್ಟರು (1902–1996). 'ವಿಚಾರ ಪ್ರಪಂಚ'ಕ್ಕೆ ಪಂಪ ಪ್ರಶಸ್ತಿ ಪಡೆದ ಅವರು ಛಂದಸ್ಸನ್ನು ಗುರುಲಘುಗಳ ಬರಿಯ ಗುರುತಾಗಿ ನೋಡದೆ ಗತಿಯಾಗಿ, ಎಂದರೆ ಪದ್ಯದ ನಡಿಗೆಯಾಗಿ, ಕೇಳಿದರು. ಶೈಲಿಯ ವಿಶ್ಲೇಷಣೆ ಮಾಡುವವರು ಕೃತಿಯನ್ನು ಮೊದಲು ಗಟ್ಟಿಯಾಗಿ ಓದಬೇಕು ಎಂಬುದನ್ನು ನಾನು ಕಲಿತದ್ದು ಅವರ ಬರಹಗಳಿಂದ.

ಯುರೋಪಿನಲ್ಲಿ ಚಾರ್ಲ್ಸ್ ಬಾಲಿ 1909ರಲ್ಲಿ ಶೈಲಿಯನ್ನು ಭಾಷಾಶಾಸ್ತ್ರದ ಭಾಗ ಮಾಡಿದ. ಪ್ರಾಗ್ ಪಂಥದವರು ರೂಢಿಯಿಂದ ಬೇಕೆಂದೇ ಸರಿದು ಮುನ್ನೆಲೆಗೆ ಬರುವ ಮಾತನ್ನು ಕಾವ್ಯದ ಗುರುತೆಂದರು. ನವ್ಯದ ಕಾಲಕ್ಕೆ ನಮ್ಮಲ್ಲೂ ಕೃತಿಯನ್ನೇ ಹತ್ತಿರದಿಂದ ಓದುವ ಅಭ್ಯಾಸ ಬಂತು, ಎ.ಕೆ. ರಾಮಾನುಜನ್ 1973ರ 'ಸ್ಪೀಕಿಂಗ್ ಆಫ್ ಶಿವ'ದಲ್ಲಿ ಬಸವಣ್ಣನ ಒಂದು ವಚನದ ಇಡೀ ಕಟ್ಟಡ ಸ್ಥಾವರ–ಜಂಗಮ, ಮಾಡುವುದು–ಇರುವುದು ಎಂಬ ಎದುರುಜೋಡಿಗಳ ಮೇಲೆ ನಿಂತದ್ದನ್ನು ಬಿಡಿಸಿ ತೋರಿದರು.

ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ 'ತೆಂಕಣ ಗಾಳಿಯಾಟ'ವನ್ನು ಹೀಗೆಯೇ ಬಿಡಿಸಿ ನೋಡೋಣ. ಇಡೀ ಪದ್ಯ ನಿಂತಿರುವುದು 'ಬರು' ಎಂಬ ಒಂದೇ ಧಾತುವಿನ ಮೇಲೆ. ಮೊದಲು ಗಾಳಿ ಇನ್ನು ಬರಬೇಕಾದದ್ದು, ಆಮೇಲೆ ಬರುತ್ತಿರುವುದು, ಕಡೆಗೆ ಬಂದೇಬಿಟ್ಟದ್ದು. ಕ್ರಿಯಾಪದದ ಕಾಲ ಬದಲಾದಂತೆ ಗಾಳಿ ನಮ್ಮ ಹತ್ತಿರ ಬರುತ್ತದೆ. ದೂರದಲ್ಲಿರುವಾಗ ಅದು ಬರಿಯ ಸದ್ದು. ಏನೆಂದು ಗೊತ್ತಾಗದ್ದರಿಂದ ವಾಕ್ಯಗಳೆಲ್ಲ ಪ್ರಶ್ನೆ, ಎಲ್ಲೆಲ್ಲೂ 'ಸ'ಕಾರದ ಸುಯ್ಯುವಿಕೆ. ಹತ್ತಿರವಾದಾಗ ಪ್ರಶ್ನೆ ನಿಂತು 'ಬ'ಕಾರದ ಮೊರೆತ ಏಳುತ್ತದೆ, ಮುಂದೆ 'ಡ'ಕಾರದ ಬಡಿತ ಕೇಳುತ್ತದೆ. ಕಡಲನ್ನೇ ಎಬ್ಬಿಸುವ ಈ ಗಾಳಿ ಮುದುಕರ ಕೊಡೆಗೂ ಹುಡುಗರ ಟೊಪ್ಪಿಗೂ ಕೈಹಾಕುತ್ತದೆ.

ಇಲ್ಲಿಯವರೆಗಿನದ್ದನ್ನು ಯಾವ ಊರಿನ ಓದುಗರೂ ಗುರುತಿಸಬಹುದು. ಆದರೆ 'ಟೊಪ್ಪಿ' ನೋಡಿ. 'ಟೋಪಿ' ಎನ್ನುವ ಊರಿನವರಿಗೆ ಲಯಕ್ಕಾಗಿ ಕವಿ ಅಕ್ಷರ ಕುಗ್ಗಿಸಿದ ಹಾಗೆ ಕಾಣಬಹುದು. ನಮ್ಮಲ್ಲಿ ಮಕ್ಕಳು ಹೇಳುವುದೇ ಟೊಪ್ಪಿ. ಹೆಸರಿನಲ್ಲಿರುವ 'ತೆಂಕಣ'ವೂ ಹಾಗೆಯೇ. ಘಟ್ಟದ ಮೇಲೆ ದಕ್ಷಿಣವನ್ನು ತೆಂಕಣ ಎಂದರೆ ಹಳಗನ್ನಡದ ಪರಿಮಳ. ಪಂಜೆಯವರು ಹಳೆಯ ಪದವನ್ನು ಎಬ್ಬಿಸಿ ತಂದರು ಎಂದು ಟಿಪ್ಪಣಿ ಬರೆಯಬಹುದು. ಆದರೆ ತೆಂಕು, ಬಡಗು, ಮೂಡು, ಪಡು ಈ ಸೀಮೆಯಲ್ಲಿ ಯಾವತ್ತೂ ಹಳತಾಗಲಿಲ್ಲ. ಆಟದಲ್ಲಿ ತೆಂಕುತಿಟ್ಟು, ಊರುಗಳಲ್ಲಿ ಮೂಡುಬಿದಿರೆ, ಪಡುಬಿದ್ರಿ, ಬಂಟ್ವಾಳ ತಾಲೂಕಿನಲ್ಲೇ ಬಡಗಬೆಳ್ಳೂರು, ಬಡಗಕಜೆಕಾರು. ಪಂಜೆಯವರು ಆ ಪದಕ್ಕಾಗಿ ಓಲೆಗರಿ ಬಿಚ್ಚಬೇಕಾಗಿರಲಿಲ್ಲ. ನೇತ್ರಾವತಿಯ ದಡದಲ್ಲಿ ದಾರಿ ಕೇಳಿದವರಿಗೆ ದಿಕ್ಕು ತೋರಿಸುತ್ತಿದ್ದುದೇ ಆ ಮಾತಿನಲ್ಲಿ.