ಜಮೀನುದಾರನ ಆಟ

ದಾಳ ಉರುಳಿಸಿ ಊರುಗಳನ್ನು ಕೊಳ್ಳುವ ಆಟ ನಮ್ಮ ನಗರಗಳ ಮನೆಗಳಿಗೆ ಹೊಸದಲ್ಲ. 'ಬಿಸಿನೆಸ್' ಎಂದೋ 'ಟ್ರೇಡ್' ಎಂದೋ ಹೆಸರಿಟ್ಟುಕೊಂಡು, ಚೌಕಗಳಲ್ಲಿ ಮುಂಬಯಿ ಕಲ್ಕತ್ತೆಗಳನ್ನು ಬರೆದುಕೊಂಡು ಬಂದ ಈ ಆಟದ ಮೂಲ ಅಮೆರಿಕದ 'ಮೊನಾಪಲಿ'. ಬೇಸಿಗೆಯ ರಜೆಯಲ್ಲಿ ಅದನ್ನು ಆಡಿದವರಿಗೆಲ್ಲ ಅದರ ಕೊನೆ ಹೇಗಿರುತ್ತದೆಂಬುದು ಗೊತ್ತು. ಎರಡು ಮೂರು ಗಂಟೆಗಳಾದ ಮೇಲೆ ಒಬ್ಬನ ಮುಂದೆ ನೋಟಿನ ರಾಶಿ, ಉಳಿದವರ ಮುಂದೆ ಬರಿಯ ನೆಲ. ಅಣ್ಣ ಬೀಗುತ್ತಾನೆ, ತಂಗಿ ಅಳುತ್ತಾಳೆ. ಮಕ್ಕಳಿಗೆ ವ್ಯವಹಾರಜ್ಞಾನ ಬರಲೆಂದು ಈ ಆಟವನ್ನು ಕೊಂಡುಕೊಡುವ ತಂದೆಯರುಂಟು. ಅದನ್ನು ಮೊದಲು ಕಲ್ಪಿಸಿದಾಕೆಯ ಉದ್ದೇಶ ಮಾತ್ರ ಬೇರೆಯಾಗಿತ್ತು: ಆ ಅಳು ಏಕೆ ಬಂತೆಂದು ಮಕ್ಕಳು ಕೇಳಬೇಕು!

ಆಕೆಯ ಹೆಸರು ಎಲಿಜಬೆತ್ ಮ್ಯಾಗಿ. 1866ರಲ್ಲಿ ಇಲಿನಾಯ್ ಸಂಸ್ಥಾನದಲ್ಲಿ ಹುಟ್ಟಿದವಳು. ತಂದೆ ಪತ್ರಿಕಾಕರ್ತ, ಗುಲಾಮಗಿರಿಯ ವಿರೋಧಿ. ಮಗಳು ವಾಷಿಂಗ್ಟನ್ನಿನಲ್ಲಿ ಶೀಘ್ರಲಿಪಿಯ ಕೆಲಸ ಮಾಡಿಕೊಂಡು ಬಿಡುವಿನಲ್ಲಿ ಕಥೆ ಕವನ ಬರೆಯುತ್ತಿದ್ದಳು. ತಂದೆಯಿಂದ ಆಕೆಗೆ ಬಂದ ಆಸ್ತಿಯೆಂದರೆ ಹೆನ್ರಿ ಜಾರ್ಜನ ವಿಚಾರ.

ಈ ಜಾರ್ಜನ ಮಾತನ್ನು ಎರಡು ಸಾಲು ಹೇಳದೆ ಮುಂದೆ ಹೋಗುವಂತಿಲ್ಲ. 1879ರಲ್ಲಿ ಪ್ರಕಟವಾದ ತನ್ನ 'ಪ್ರಗತಿ ಮತ್ತು ದಾರಿದ್ರ್ಯ' ಎಂಬ ಗ್ರಂಥದಲ್ಲಿ ಆತ ಎತ್ತಿದ ಪ್ರಶ್ನೆ ಸರಳವಾದದ್ದು: ರೈಲು ಬಂತು, ಯಂತ್ರ ಬಂತು, ಸಂಪತ್ತು ಬೆಳೆಯಿತು, ಬಡತನ ಮಾತ್ರ ಏಕೆ ಹೋಗಲಿಲ್ಲ? ಊರು ಬೆಳೆದ ಹಾಗೆಲ್ಲ ನೆಲದ ಬೆಲೆ ಏರುತ್ತದೆ, ಏರಿದ ಭಾಗವೆಲ್ಲ ಕೈಕಟ್ಟಿ ಕುಳಿತ ಜಮೀನುದಾರನ ಜೇಬಿಗೆ ಸೇರುತ್ತದೆ ಎಂಬುದು ಆತನ ಉತ್ತರ. ಆದ್ದರಿಂದ ಬೇರೆ ಕರಗಳನ್ನೆಲ್ಲ ತೆಗೆದುಹಾಕಿ ನೆಲದ ಬೆಲೆಯ ಮೇಲೆ ಒಂದೇ ಕರ ಹಾಕಬೇಕೆಂದು ಆತ ವಾದಿಸಿದ. ಇಂಗ್ಲಿಷಿನವರು ಮನೆಯ ಬಾಡಿಗೆಗೂ ಹೊಲದ ಗೇಣಿಗೂ 'ರೆಂಟ್' ಎಂಬ ಒಂದೇ ಮಾತನ್ನು ಬಳಸಿ, ಜಾರ್ಜ್ ಹೇಳಿದ ಭೇದ ತಿಳಿಯದೆ ತೊಡಕಿಗೆ ಸಿಕ್ಕಿಕೊಳ್ಳುತ್ತಾರೆ. ನಮ್ಮಲ್ಲಿ ಮಾತೇ ಎರಡಿರುವುದರಿಂದ ಆ ಕಷ್ಟವಿಲ್ಲ. ಮನೆ ಕಟ್ಟಿದವನು ಬಾಡಿಗೆ ತೆಗೆದುಕೊಳ್ಳಲಿ, ಅದು ಅವನ ಶ್ರಮದ ಮತ್ತು ಬಂಡವಾಳದ ಫಲ. ಗೇಣಿ ಮಾತ್ರ ಸಮಾಜದ್ದು ಎಂದರೆ ಜಾರ್ಜನ ತತ್ತ್ವ ಮುಗಿಯಿತು. ಆತ ಬಂಡವಾಳದ ಶತ್ರುವಲ್ಲ, ಮುಕ್ತ ವ್ಯಾಪಾರದ ಕಟ್ಟಾ ಪಕ್ಷಪಾತಿ ಎಂಬುದನ್ನು ಮರೆಯಬಾರದು.

ಇಂಥ ತತ್ತ್ವವನ್ನು ಭಾಷಣದಿಂದ ಎಷ್ಟು ಮಂದಿಗೆ ತಿಳಿಸಬಹುದು? ಮ್ಯಾಗಿ ಹಲಗೆಯೊಂದನ್ನು ತೆಗೆದುಕೊಂಡು ಅದರ ಅಂಚಿನಲ್ಲಿ ಚೌಕಗಳನ್ನು ಗೀಚಿದಳು. ಮಾರಾಟದ ನಿವೇಶನಗಳು, ರೈಲುಮಾರ್ಗಗಳು, ಸೆರೆಮನೆ, ಬಡವರ ಆಶ್ರಯಮನೆ, ಸಾರ್ವಜನಿಕ ಉದ್ಯಾನ. ಒಂದು ಸುತ್ತು ಮುಗಿಸಿದವನಿಗೆ ನೂರು ಡಾಲರು ಕೂಲಿ. ಭೂಮಿತಾಯಿಯ ಮೇಲೆ ದುಡಿದದ್ದಕ್ಕೆ ಈ ಕೂಲಿ ಎಂದು ಆ ಮೂಲೆಯಲ್ಲಿ ಬರೆದಿತ್ತು. 1904ರ ಜನವರಿ 5ರಂದು ಈ 'ಜಮೀನುದಾರನ ಆಟ'ಕ್ಕೆ ಪೇಟೆಂಟ್ ದೊರೆಯಿತು. ಮುಂದೆ ಆಕೆ ಅದೇ ಹಲಗೆಗೆ ಎರಡು ಬಗೆಯ ನಿಯಮಗಳನ್ನು ಹೊಂದಿಸಿದಳು. ಒಂದರಂತೆ ಆಡಿದರೆ ಗೇಣಿ ಒಡೆಯನಿಗೆ ಸೇರಿ, ಕೊನೆಗೆ ಒಬ್ಬನೇ ಉಳಿಯುತ್ತಾನೆ. ಇನ್ನೊಂದರಂತೆ ಆಡಿದರೆ ಗೇಣಿ ಸಾರ್ವಜನಿಕ ಖಜಾನೆಗೆ ಸೇರುತ್ತದೆ. ಎಲ್ಲರಿಗಿಂತ ಬಡವನಾದವನ ಹಣ ಮೊದಲಿನ ಎರಡರಷ್ಟಾದಾಗ ಆಟ ಮುಗಿಯುತ್ತದೆ. ಹಲಗೆ ಅದೇ, ದಾಳ ಅದೇ, ಆಡುವವರ ಲೋಭವೂ ಅದೇ. ಬದಲಾದದ್ದು ಕಾನೂನು ಮಾತ್ರ. ಆಕೆಯ ವಾದದ ಜೀವವೆಲ್ಲ ಇದರಲ್ಲಿದೆ.

ಜಾರ್ಜನ ಅನುಯಾಯಿಗಳು ಡೆಲವೇರಿನಲ್ಲಿ ಕಟ್ಟಿಕೊಂಡ ಆರ್ಡನ್ ಎಂಬ ಹಳ್ಳಿಯಲ್ಲಿ, ಕಾಲೇಜುಗಳಲ್ಲಿ, ಕ್ವೇಕರ್ ಪಂಥದವರ ಮನೆಗಳಲ್ಲಿ ಈ ಆಟ ಕೈಯಿಂದ ಕೈಗೆ ಹರಿಯಿತು. ಜನ ಬಟ್ಟೆಯ ಮೇಲೆ ತಾವೇ ಬರೆದುಕೊಂಡು, ತಮ್ಮ ಊರಿನ ಬೀದಿಗಳ ಹೆಸರಿಟ್ಟುಕೊಂಡು ಆಡಿದರು. ಹಾಗೆ ಹರಿಯುವಾಗ ಒಂದು ಸೋಜಿಗ ನಡೆಯಿತು. ಎಲ್ಲರೂ ಏಳಿಗೆ ಹೊಂದುವ ನಿಯಮಾವಳಿ ದಾರಿಯಲ್ಲಿ ಉದುರಿಹೋಯಿತು. ಒಬ್ಬನೇ ಉಳಿಯುವ ನಿಯಮಾವಳಿ ಉಳಿಯಿತು. ಇದಕ್ಕೆ ಯಾರದೂ ಪಿತೂರಿ ಬೇಕಿರಲಿಲ್ಲ. ನೆರೆಯವನನ್ನು ದಿವಾಳಿ ಎಬ್ಬಿಸುವುದರಲ್ಲಿ ಇರುವ ಮೋಜು ಖಜಾನೆ ತುಂಬುವುದರಲ್ಲಿ ಇಲ್ಲ. ಮ್ಯಾಗಿಯ ಎರಡನೆಯ ಆಟ ನ್ಯಾಯವಾದದ್ದಿರಬಹುದು, ಆದರೆ ಕೊಂಚ ಸಪ್ಪೆ ಎಂದು ಹೇಳಲೇಬೇಕು.

ಆಟ್ಲಾಂಟಿಕ್ ಸಿಟಿಯ ಬೀದಿಗಳ ಹೆಸರು ಹೊತ್ತ ಇಂಥದೊಂದು ಹಾಸು ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಚಾರ್ಲ್ಸ್ ಡಾರೋ ಎಂಬಾತನ ಕೈಗೆ ಸಿಕ್ಕಿತು. 1935ರಲ್ಲಿ ಅದನ್ನು ಆತ ತನ್ನದೆಂದು ಪಾರ್ಕರ್ ಬ್ರದರ್ಸ್ ಕಂಪನಿಗೆ ಮಾರಿ ಐಶ್ವರ್ಯವಂತನಾದ. ಮೂಲದಲ್ಲಿದ್ದ 'ಮಾರ್ವೆನ್' ಎಂಬ ಹೆಸರನ್ನು ಯಾರೋ 'ಮಾರ್ವಿನ್' ಎಂದು ತಪ್ಪಾಗಿ ಬರೆದಿದ್ದರು. ಆ ತಪ್ಪು ಸಹ ಹಾಗೆಯೇ ಅಚ್ಚಾಯಿತು! ಅದೇ ವರ್ಷ ಕಂಪನಿ ಮ್ಯಾಗಿಯ ಪೇಟೆಂಟನ್ನೂ ಕೊಂಡಿತು. ಬೆಲೆ 500 ಡಾಲರು, ಮಾರಾಟದಲ್ಲಿ ಪಾಲಿಲ್ಲ.

ಈಗ ಮೊನಾಪಲಿಯ ನಿಯಮಗಳನ್ನು ಕೊಂಚ ಬಗೆದು ನೋಡೋಣ. ಶುದ್ಧ ಬಂಡವಾಳಶಾಹಿಯ ಪ್ರತಿಕೃತಿ ಎನಿಸಿಕೊಂಡ ಈ ಆಟದಲ್ಲಿ ಎಲ್ಲರೂ 1500 ಡಾಲರು ಹಿಡಿದು ಸಮಾನವಾಗಿ ಹೊರಡುತ್ತಾರೆ. ಲೋಕದಲ್ಲಿ ಯಾರೂ ಹಾಗೆ ಹೊರಡುವುದಿಲ್ಲ. ಸುತ್ತು ಮುಗಿಸಿದಾಗಲೆಲ್ಲ 200 ಡಾಲರು ಸಂಬಳ. ಯಾವ ಕೆಲಸಕ್ಕೆಂದು ಯಾರೂ ಕೇಳುವುದಿಲ್ಲ, ಭೂಮಿತಾಯಿಯ ಮಾತು ಅಳಿಸಿಹೋಗಿದೆ. ಬ್ಯಾಂಕು ಎಂದೂ ದಿವಾಳಿಯಾಗುವಂತಿಲ್ಲ; ನೋಟು ಮುಗಿದರೆ ಸಾಮಾನ್ಯ ಕಾಗದದ ಮೇಲೆ ಬರೆದು ಕೊಡಬಹುದೆಂದು ನಿಯಮವೇ ಹೇಳುತ್ತದೆ. ಈ ಉದಾರಿ ಬ್ಯಾಂಕನ್ನೂ ಧರ್ಮದ ಸಂಬಳವನ್ನೂ ತೆಗೆದುಬಿಟ್ಟರೆ ಆಟ ಅರ್ಧ ಗಂಟೆಯೂ ಸಾಗುವುದು ಕಷ್ಟ. ಇಷ್ಟಾದರೂ ಅಲ್ಲಿ ಯಾರೂ ಒಂದು ಬಟ್ಟೆ ನೇಯುವುದಿಲ್ಲ, ಒಂದು ಕಾಳು ಬೆಳೆಯುವುದಿಲ್ಲ. ಆದ್ದರಿಂದ ಅದು ಬಂಡವಾಳಶಾಹಿಯ ಚಿತ್ರವೇ ಅಲ್ಲ, ಗೇಣಿಯ ಚಿತ್ರ ಎಂದರೂ ತಪ್ಪಲ್ಲ. ಹೊಸ ಯಂತ್ರ ಕಂಡುಹಿಡಿದು ಬೆಲೆ ಇಳಿಸಿ ಗೆಲ್ಲುವ ಉದ್ಯಮಿಗೆ ಆ ಹಲಗೆಯ ಮೇಲೆ ಜಾಗವಿಲ್ಲ.

ಜನ ಮನೆಯಲ್ಲಿ ಆಡುವ ರೀತಿ ಇನ್ನೂ ಸ್ವಾರಸ್ಯವಾದದ್ದು. ದಂಡದ ಹಣವನ್ನು ಹಲಗೆಯ ನಡುವೆ ಕೂಡಿಟ್ಟು, ಉಚಿತ ನಿಲ್ದಾಣದ ಚೌಕಕ್ಕೆ ಬಂದವನಿಗೆ ಕೊಟ್ಟುಬಿಡುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಅಚ್ಚಾದ ನಿಯಮದಲ್ಲಿ ಅದಿಲ್ಲ. ಪುಟ್ಟ ತಂಗಿಗೆ ಸಾಲ, ಅಜ್ಜಿಗೆ ಬಾಡಿಗೆ ಮಾಫಿ. ಪಾಪ, ನಿಯಮದ ಕಾಠಿಣ್ಯವನ್ನು ಸಹಿಸಲಾರದೆ ಸಂಸಾರವೇ ಒಂದು ಸರಕಾರವಾಗಿ ನಡುವೆ ಕೈಹಾಕುತ್ತದೆ.

ಗಣಕಯಂತ್ರಕ್ಕೆ ಆಟ ಕಟ್ಟಿದವರೂ ಇದೇ ಬಂಡೆಗೆ ಬಂದು ತಾಕಿದರು. ಡ್ಯಾನಿ ಬಂಟನ್ 1983ರಲ್ಲಿ ರಚಿಸಿದ 'ಮ್ಯೂಲ್' ಎಂಬ ಆಟದಲ್ಲಿ ನಾಲ್ವರು ಹೊಸ ಗ್ರಹವೊಂದರಲ್ಲಿ ನೆಲೆಸಿ ಆಹಾರ, ಶಕ್ತಿ, ಅದಿರುಗಳನ್ನು ಉತ್ಪಾದಿಸಿ ಹರಾಜಿನಲ್ಲಿ ಮಾರುತ್ತಾರೆ. ಇಲ್ಲಿ ಬೆಲೆ ನಿಜವಾಗಿಯೂ ಏರಿಳಿಯುತ್ತದೆ. ಆದರೆ ಒಬ್ಬ ಆಹಾರವನ್ನು ಬಚ್ಚಿಟ್ಟು ಉಳಿದವರನ್ನು ಸೊರಗಿಸಿದರೆ ವಸಾಹತಿನ ಒಟ್ಟು ಸಂಪತ್ತೇ ಕುಗ್ಗುತ್ತದೆ, ಕೊನೆಯಲ್ಲಿ ಅದರ ಲೆಕ್ಕವೂ ಆಗುತ್ತದೆ. ಅಷ್ಟೇ ಅಲ್ಲ, ಎಲ್ಲರಿಗಿಂತ ಹಿಂದೆ ಬಿದ್ದವನಿಗೆ ವಿಧಿಯ ಕೆಟ್ಟ ಪೆಟ್ಟು ಬೀಳದಂತೆ ಯಂತ್ರ ನೋಡಿಕೊಳ್ಳುತ್ತದೆ. ಆಟ ಕೊನೆಯವರೆಗೂ ಆಟವಾಗಿ ಉಳಿಯಬೇಕಾದರೆ ಇಷ್ಟು ದಾಕ್ಷಿಣ್ಯ ಬೇಕೆಂದು ಅದನ್ನು ಕಟ್ಟಿದವರಿಗೆ ತೋರಿತು.

ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ 2010ರಲ್ಲಿ ಹೊರತಂದ 'ವಿಕ್ಟೋರಿಯಾ 2' ಇನ್ನೂ ದೊಡ್ಡ ಸಾಹಸ. 1836ರಿಂದ ನೂರು ವರ್ಷಗಳ ಜಗತ್ತನ್ನೇ ಅದು ಲೆಕ್ಕಕ್ಕೆ ತಂದಿತು. ಸರಕಾರ ಕೈಹಾಕಬಾರದೆಂಬ ನೀತಿಯ ಪಕ್ಷ ಅಧಿಕಾರದಲ್ಲಿದ್ದರೆ ಅಲ್ಲಿ ಆಟಗಾರ ಕಾರ್ಖಾನೆ ಕಟ್ಟುವಂತಿಲ್ಲ, ಮುಳುಗುವುದಕ್ಕೆ ಸಹಾಯಧನ ಕೊಡುವಂತಿಲ್ಲ. ಯಂತ್ರದೊಳಗಿನ ಬಂಡವಾಳಗಾರರು ಕಟ್ಟಿದ್ದನ್ನು ನೋಡುತ್ತ ಕೂರಬೇಕು. ಪೇಟೆ ತಾನೇ ತಾನಾಗಿ ನಡೆಯುವುದಾದರೆ ಆಟಗಾರನಿಗೆ ಅಲ್ಲೇನು ಕೆಲಸ? ಅವನು ದೊರೆಯಾದರೆ ಪೇಟೆಯಲ್ಲಿ ಕೈಹಾಕಲು ಹವಣಿಸುತ್ತಾನೆ; ಸಾಹುಕಾರನಾದರೆ ಪೇಟೆಯಲ್ಲಿ ತಾನೊಬ್ಬನೇ ಉಳಿಯಲು ಹವಣಿಸುತ್ತಾನೆ. ಎರಡರಲ್ಲಿ ಯಾವುದಾದರೂ ಶುದ್ಧವಾದ ಪೇಟೆ ಉಳಿಯುವುದಿಲ್ಲ.

ಮ್ಯಾಗಿಯ ಹೆಸರು ಮತ್ತೆ ಬೆಳಕಿಗೆ ಬಂದದ್ದು ನ್ಯಾಯಾಲಯದ ದಾರಿಯಲ್ಲಿ. ರಾಲ್ಫ್ ಆನ್‌ಸ್ಪಾಕ್ ಎಂಬ ಅರ್ಥಶಾಸ್ತ್ರದ ಅಧ್ಯಾಪಕ 1973ರಲ್ಲಿ 'ಆಂಟಿ-ಮೊನಾಪಲಿ' ಎಂಬ ಆಟ ಹೊರತಂದಾಗ, ಆ ಹೆಸರು ತಮ್ಮದೆಂದು ಕಂಪನಿಯವರು ತಕರಾರು ತೆಗೆದರು. 1977ರಲ್ಲಿ ಆತನ ಆಟದ ಸಾವಿರಾರು ಪೆಟ್ಟಿಗೆಗಳನ್ನು ಮಿನೆಸೋಟದಲ್ಲಿ ಕಸದ ಗುಂಡಿಗೆ ಹಾಕಿ ಹೂತರು. ಆತ ಹಟ ಬಿಡದೆ ಹಳೆಯ ಹಾಸುಗಳನ್ನೂ ಅವನ್ನು ಆಡಿದ ಮುದುಕರನ್ನೂ ಹುಡುಕಿ ಸಾಕ್ಷ್ಯ ಕೂಡಿಸಿದ. ಮೊಕದ್ದಮೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಬಾಗಿಲವರೆಗೆ ಹೋಗಿ 1983ರಲ್ಲಿ ಆತನ ಪರವಾಗಿ ನಿಂತಿತು.

ಮ್ಯಾಗಿ 1948ರಲ್ಲಿಯೇ ತೀರಿಕೊಂಡಿದ್ದಳು. ಅದಕ್ಕೆ ಎಂಟು ವರ್ಷ ಮೊದಲು, 1940ರ ಜನಗಣತಿಯಲ್ಲಿ, ತನ್ನ ಉದ್ಯೋಗ ಆಟಗಳನ್ನು ರಚಿಸುವುದು ಎಂದು ಬರೆಸಿದ್ದಾಳೆ. ವರಮಾನದ ಅಂಕಣದಲ್ಲಿರುವುದು ಸೊನ್ನೆ.