ಜೋಗದ ಕಮರಿಗೆ ಅಡ್ಡ ಹಗ್ಗ

ಹಳೆಯ ವಿದ್ಯಾರ್ಥಿಯೊಬ್ಬನಿಂದ ಪತ್ರ ಬಂದಿದೆ. ಲಕ್ಷ್ಮೇಶ್ವರದ ಹುಡುಗ. ಬಿ.ಎಸ್‌ಸಿ. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು, ಮುಂದಿನ ಬೆಂಚಿನವರಿಗೆ ಹೊಳೆಯದ ಪ್ರಶ್ನೆಗಳನ್ನು ಕೇಳುತ್ತಿದ್ದ. ಈಗ ಹೊರದೇಶದಲ್ಲಿ ನೌಕರಿ. ರಜೆಯಲ್ಲಿ ಹೆಂಡತಿ, ಮಗಳೊಡನೆ ಕೆರಿಬಿಯನ್ ಕಡಲಿನ ದ್ವೀಪವೊಂದಕ್ಕೆ ಹೋಗಿದ್ದನಂತೆ. ಅಲ್ಲಿ ಮಳೆಕಾಡಿನ ಮರದಿಂದ ಮರಕ್ಕೆ ಉಕ್ಕಿನ ಹಗ್ಗ ಬಿಗಿದಿದ್ದಾರೆ. ತಲೆಗೆ ಹೆಲ್ಮೆಟ್, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ರಾಟೆಗೆ ತೂಗುಬಿದ್ದು ಕಣಿವೆಯ ಈ ದಂಡೆಯಿಂದ ಆ ದಂಡೆಗೆ ಜಾರಬೇಕು. ಇದಕ್ಕೆ ಜಿಪ್‌ಲೈನ್ ಎಂದು ಹೆಸರು. ಕೊನೆಗೆ ಜಲಪಾತದ ಕೆಳಗೆ ಸ್ನಾನ, ಊಟ. ಮಾರ್ಗದರ್ಶಿಯೊಬ್ಬ ಇಡೀ ದಿನ ಜೊತೆಯಲ್ಲಿರುತ್ತಾನೆ.

ಪತ್ರದ ಕೊನೆಯಲ್ಲಿ ಹಳೆಯ ಹಿಂಬೆಂಚಿನ ಬುದ್ಧಿ ಕಾಣಿಸಿಕೊಂಡಿದೆ. “ಸರ, ನಾನು ಎಂಬತ್ತು ಕಿಲೋ ಅದೀನಿ, ಮಗಳು ಮೂವತ್ತು. ಅದ ಹಗ್ಗ, ಅದ ರಾಟಿ. ನಾನು ಆಚಿ ದಂಡಿಗೆ ಧಡ್ ಅಂತ ಮುಟ್ಟಿದೆ. ಆಕಿ ನಡುವ ನಿಂತುಬಿಟ್ಲು. ಕೆಳಗ ನೋಡಿದ್ರ ಕಣಿವಿ. ಮಾರ್ಗದರ್ಶಿ ಕೈಲೆ ಹಗ್ಗ ಹಿಡಕೊಂತ ಹೋಗಿ ಎಳಕೊಂಡು ಬಂದ. ಹಗುರ, ಭಾರ ಎರಡೂ ಒಂದೇ ವೇಗದಾಗ ಬೀಳ್ತಾವ ಅಂತ ಗೆಲಿಲಿಯೊ ಹೆಸರು ಹೇಳಿ ನೀವ ಕಲಿಸಿದ್ರಿ. ಸುಳ್ಳೇನ್ರೀ ಅದು? ಆ ಎರಡು ನಿಮಿಷ ನನ್ನ ಜೀವ ಕೈಯಾಗ ಇತ್ತು.”

ತಂದೆಯೊಬ್ಬನ ಎರಡು ನಿಮಿಷಕ್ಕೆ ಉತ್ತರ ಕೊಡದೆ ಇರಲಾಗದು. ಆದರೆ ಲೆಕ್ಕಕ್ಕೆ ಮೊದಲು ಒಂದು ಕಥೆ ಹೇಳಬೇಕು. ಜಲಪಾತದ ಮೇಲೆ ಹಗ್ಗ ಬಿಗಿದು, ಅದಕ್ಕೆ ತೂಗುಬಿದ್ದು ನಡುಗಾಳಿಗೆ ಹೋಗುವ ಸಾಹಸ ನಮ್ಮಲ್ಲಿ 1856ರಲ್ಲೇ ನಡೆದಿತ್ತು. ಅದರ ಹಿಂದೆ ಗದಗ ಸೀಮೆಯ ಹತ್ತಿಯ ಪಾಲೂ ಇತ್ತು.

ನಮ್ಮ ಎರೆಹೊಲಗಳ ಹತ್ತಿ ಆಗ ಎತ್ತುಗಳ ಬೆನ್ನ ಮೇಲೆ, ಬಂಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಬೊಂಬಾಯಿಗೆ. ಧಾರವಾಡ ಸೀಮೆಯಲ್ಲಿ ಬೆಳೆದರೂ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು ಬಿತ್ತು. ಬೆಳೆದವನ ಊರಿಗಿಂತ ಹಡಗು ಹತ್ತಿಸಿದವನ ಊರಿಗೆ ಹೆಸರು ಬರುವುದು ವ್ಯಾಪಾರದ ಹಳೆಯ ಚಾಳಿ. 1840ರ ದಶಕದಲ್ಲಿ ಅಮೆರಿಕದ ತಳಿಯ ಹತ್ತಿಯೂ ಇಲ್ಲಿ ಬೇರೂರಿತು. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಅದು ಬೇಕಿತ್ತು. ಅದನ್ನು ಸಾಗಿಸಲು ಮಳೆಗಾಲದಲ್ಲೂ ಹಡಗು ನಿಲ್ಲಬಲ್ಲ ಬಂದರು ಬೇಕಿತ್ತು. ಕಾಳಿ ನದಿಯ ಮುಖದಲ್ಲಿರುವ ಸದಾಶಿವಗಡದ ಕಡೆಗೆ, ಎಂದರೆ ಇಂದಿನ ಕಾರವಾರದ ಕಡೆಗೆ, ಸರ್ಕಾರದ ಕಣ್ಣು ಹೊರಳಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರಲ್ಲೂ ಈ ಹತ್ತಿಯ ಎಳೆ ಇದೆ.

ಸದಾಶಿವಗಡದ ಬಂದರನ್ನು ಅಳೆಯಲು ಬಂದಿದ್ದ ಇಂಡಿಯನ್ ನೇವಿಯ ಇಬ್ಬರು ಅಧಿಕಾರಿಗಳೇ 1856ರಲ್ಲಿ ಜೋಗದ ಆಳವನ್ನೂ ಅಳೆದವರು. ಆಗ ಅದನ್ನು ಗೇರುಸೊಪ್ಪೆ ಜಲಪಾತ ಎನ್ನುತ್ತಿದ್ದರು. ಸಮುದ್ರದ ತಳಕ್ಕೆ ಗುಂಡು ಇಳಿಬಿಟ್ಟು ಆಳ ನೋಡುವುದು ಅವರ ದಿನನಿತ್ಯದ ಕಸುಬು. ಅದೇ ಕಸುಬನ್ನು ಬೆಟ್ಟಕ್ಕೆ ತಂದರು.

ಅದಕ್ಕಿಂತ ಮೊದಲು ಎತ್ತರ ತಿಳಿಯಲು ಇದ್ದ ಸುಲಭ ಉಪಾಯ ಯಾವುದು? ಅಂಚಿನಿಂದ ಕಲ್ಲು ಬಿಟ್ಟು ಎಣಿಸುವುದು. ಜೋಗಕ್ಕೆ ಪ್ರವಾಸ ಹೋದ ನಮ್ಮ ಹುಡುಗರಿಗೂ ಮೊದಲು ಹೊಳೆಯುವುದು ಇದೇ. ಲೆಕ್ಕ ನೋಡೋಣ. 253 ಮೀಟರು ಬೀಳಲು, ಗಾಳಿಯ ತಡೆ ಇಲ್ಲವೆಂದು ಭಾವಿಸಿದರೆ, ಸುಮಾರು 7.2 ಸೆಕೆಂಡು ಬೇಕು. ಬಿದ್ದ ಸದ್ದು ಮೇಲೆ ಬರಲು ಇನ್ನೂ 0.7 ಸೆಕೆಂಡು. ಒಟ್ಟು 7.9. ಎಣಿಸುವವನು ಒಂದೇ ಒಂದು ಸೆಕೆಂಡು ಹೆಚ್ಚು ಎಣಿಸಿದರೆ ಉತ್ತರ 60 ಮೀಟರಿಗೂ ಮಿಕ್ಕಿ ತಪ್ಪುತ್ತದೆ! ಅದರ ಮೇಲೆ ಗಾಳಿಯ ತಡೆಯಿಂದ ಕಲ್ಲು ತಡವಾಗಿ ಮುಟ್ಟುತ್ತದೆ, ನೀರಿನ ಭೋರ್ಗರೆತದಲ್ಲಿ ಅದು ಬಿದ್ದ ಸದ್ದು ಕೇಳಿಸುವುದೂ ಕಷ್ಟ. ಅಂಚಿನಿಂದ ನೇರ ಹಗ್ಗ ಇಳಿಬಿಡೋಣವೆಂದರೆ ಬಂಡೆಯ ಚಾಚುಗಳಿಗೆ ಸಿಕ್ಕಿಕೊಳ್ಳುತ್ತದೆ. ಗುಂಡು ಗುಂಡಿಯ ನಡುವಿಗೆ ಬೀಳಬೇಕಾದರೆ ಇಳಿಬಿಡುವವನೂ ಗುಂಡಿಯ ನಡುವಿನ ಮೇಲೆಯೇ ಇರಬೇಕು.

ಆ ಅಧಿಕಾರಿಗಳು ಮಾಡಿದ್ದು ಅದನ್ನೇ. ಕಮರಿಯ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹಗ್ಗ ಬಿಗಿದರು. ಅದಕ್ಕೆ ತೊಟ್ಟಿಲಿನಂಥ ಒಂದು ಆಸನ ತೂಗುಹಾಕಿದರು. ಅದರಲ್ಲಿ ಕುಳಿತು ನಡುವಿಗೆ ಸರಿದು, ಕೆಳಗೆ ಗುಂಡು ಇಳಿಬಿಟ್ಟರು. ರಾಜಾ ಧಾರೆಯ ಎತ್ತರ 830 ಅಡಿ, ಕೆಳಗಿನ ಗುಂಡಿಯ ಆಳ 132 ಅಡಿ ಎಂದು ಬಂತು. ಇಂದು ನಮ್ಮ ಪಠ್ಯಪುಸ್ತಕಗಳಲ್ಲಿರುವ 253 ಮೀಟರು ಆ 830 ಅಡಿಯೇ. ಮಕ್ಕಳು ಬಾಯಿಪಾಠ ಮಾಡುವ ಸಂಖ್ಯೆಯ ಹಿಂದೆ ಹಗ್ಗದ ಮೇಲಿನ ತೊಟ್ಟಿಲೊಂದಿದೆ ಎಂದು ನಾವು ಯಾಕೆ ಹೇಳಿಕೊಡುವುದಿಲ್ಲವೋ!

ಈ ಅಳತೆಯಲ್ಲಿ ಭೌತವಿಜ್ಞಾನದ ಎರಡು ಸೂಕ್ಷ್ಮಗಳಿವೆ. ಮೊದಲನೆಯದು ಜೋತು. ಹಗ್ಗವನ್ನು ಎಷ್ಟು ಬಿಗಿದರೂ ನಡುವೆ ಅದು ಜೋಲುತ್ತದೆ. ಆದ್ದರಿಂದ ತೊಟ್ಟಿಲು ಬಂಡೆಯ ಅಂಚಿಗಿಂತ ಕೆಳಗೆ ಇರುತ್ತದೆ. ಅಲ್ಲಿಂದ ಅಳೆದ ಉದ್ದಕ್ಕೆ ಈ ಜೋತನ್ನು ಕೂಡಿಸಬೇಕು. ಎರಡನೆಯದು, ನಾರಿನ ಹಗ್ಗ ಭಾರಕ್ಕೆ ಹಿಗ್ಗುತ್ತದೆ, ಒದ್ದೆಯಾದರೆ ಕುಗ್ಗುತ್ತದೆ. ಜೋಗದ ತುಂತುರಿನಲ್ಲಿ ಒದ್ದೆಯಾಗದ ಹಗ್ಗ ಯಾವುದು? ಹಡಗಿನ ಹಗ್ಗಗಳೊಡನೆ ಬಾಳಿದವರಿಗೆ ಇದು ಹೊಸದೇನಲ್ಲ.

ಜೋತಿನ ವಿಷಯಕ್ಕೆ ಬಂದರೆ, ಇದನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಮಾಡಿ ತೋರಿಸುತ್ತೇನೆ. ಇಬ್ಬರು ಗಟ್ಟಿ ಹುಡುಗರ ಕೈಗೆ ಒಂದು ಹಗ್ಗದ ಎರಡು ತುದಿ ಕೊಡುವುದು. ಒಮ್ಮೆ ಶಿರಹಟ್ಟಿ ಕಡೆಯ ಇಬ್ಬರು ಗರಡಿ ಹುಡುಗರು ಸಿಕ್ಕಿದ್ದರು. “ಎಷ್ಟು ಬಿಗಿ ಎಳೀಲಿಕ್ಕೆ ಬರ್ತೈತಿ ಅಷ್ಟು ಎಳೀರಪ್ಪಾ” ಎಂದೆ. ಹಗ್ಗ ತಂತಿಯಂತೆ ನೆಟ್ಟಗಾಯಿತು. ಆಮೇಲೆ ತರಗತಿಯ ಅತ್ಯಂತ ಚಿಕ್ಕ ಹುಡುಗಿಯನ್ನು ಕರೆದು, ನಡುವೆ ಒಂದೇ ಬೆರಳಿನಿಂದ ಒತ್ತಲು ಹೇಳಿದೆ. ಪೈಲ್ವಾನರಿಬ್ಬರೂ ಮುಂದಕ್ಕೆ ಮುಗ್ಗರಿಸಿದರು. ತರಗತಿ ನಕ್ಕಿತು, ಹುಡುಗಿಯೂ ನಕ್ಕಳು. ಆ ಮೇಲೆ ಸೂತ್ರ ಬರೆದರೆ ಯಾರೂ ಮರೆಯುವುದಿಲ್ಲ.

ನಡುವೆ ತೂಗಿದ ಭಾರವನ್ನು ಹಗ್ಗದ ಅಗಲಳತೆಯಿಂದ (ದಂಡೆಯಿಂದ ದಂಡೆಗೆ ಇರುವ ದೂರ) ಗುಣಿಸಿ, ಜೋತಿನ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಹಗ್ಗದ ಎಳೆತ ಸಿಗುತ್ತದೆ. ಹಗ್ಗದ ಸ್ವಂತ ಭಾರವನ್ನು ಸದ್ಯಕ್ಕೆ ಬಿಡೋಣ. ನನ್ನ ಶಿಷ್ಯನ 80 ಕಿಲೋ, 200 ಮೀಟರು ಅಗಲದ ಕಣಿವೆ, 10 ಮೀಟರು ಜೋತು. ಎಳೆತ 400 ಕಿಲೋ ಭಾರದಷ್ಟು. ಹಗ್ಗವನ್ನು ಇನ್ನೂ ಬಿಗಿದು ಜೋತನ್ನು 4 ಮೀಟರಿಗೆ ಇಳಿಸಿದರೆ? ಅದೇ ಮನುಷ್ಯ, ಅದೇ ಕಣಿವೆ, ಎಳೆತ ಮಾತ್ರ 1000 ಕಿಲೋ! ಬಿಗಿದಷ್ಟೂ ಭದ್ರ ಎಂದು ತಿಳಿಯುವುದು ಸಹಜ. ಆದರೆ ಹಗ್ಗದ ಲೆಕ್ಕದಲ್ಲಿ ಜೋತೇ ಭದ್ರತೆ. ಬಟ್ಟೆ ಒಣಹಾಕುವ ಹಗ್ಗವನ್ನು ಬಿಗಿಯಾಗಿ ಕಟ್ಟಿದ ಮನೆಗಳಲ್ಲಿ ಮೊಳೆ ಯಾಕೆ ಕಿತ್ತು ಬರುತ್ತದೆ ಎಂಬುದಕ್ಕೂ ಇದೇ ಉತ್ತರ.

ಇಂಥ ಎಳೆತವನ್ನು ವರ್ಷಗಟ್ಟಲೆ ತಡೆಯುವ ಉಕ್ಕಿನ ಹಗ್ಗದ ಹುಟ್ಟು ಗಣಿಗಳಲ್ಲಿ. ಜರ್ಮನಿಯ ಹಾರ್ಟ್ಸ್ ಬೆಟ್ಟಗಳಲ್ಲಿ ಗಣಿ ಅಧಿಕಾರಿಯಾಗಿದ್ದ ವಿಲ್‌ಹೆಲ್ಮ್ ಆಲ್ಬರ್ಟ್ 1834ರಲ್ಲಿ ನಾಲ್ಕು ನಾಲ್ಕು ಕಬ್ಬಿಣದ ತಂತಿಗಳ ಮೂರು ಎಳೆಗಳನ್ನು ಹೊಸೆದು ಹಗ್ಗ ಮಾಡಿದ. ಅಲ್ಲಿಯವರೆಗೆ ಗಣಿಗಳಲ್ಲಿ ಸರಪಳಿ ಬಳಕೆಯಲ್ಲಿತ್ತು. ಸರಪಳಿಯ ಒಂದು ಕೊಂಡಿ ಕಳಚಿದರೆ ಎಲ್ಲವೂ ಕಳಚಿತು. ತಂತಿಯ ಹಗ್ಗ ಹಾಗಲ್ಲ. ಒಂದು ತಂತಿ ತುಂಡಾದರೂ ಉಳಿದವು ಹಿಡಿದಿರುತ್ತವೆ; ತುಂಡಾದ ತಂತಿ ಹೊರಗೆ ಚಾಚಿ ಎಚ್ಚರಿಕೆ ಕೊಡುತ್ತದೆ. ನೋಡುವ ಕಣ್ಣು ಬೇಕು, ಅಷ್ಟೇ.

ಕರ್ನಾಟಕದಲ್ಲಿ ಇಂಥ ಹಗ್ಗಗಳು ಮೋಜಿಗೆ ಬಂದದ್ದು ಈಚೆಗೆ. ದುಡಿದದ್ದು ಬಹುಕಾಲ. ಘಟಪ್ರಭೆ ಸುಮಾರು 52 ಮೀಟರು ಧುಮುಕುವ ಗೋಕಾಕ ಫಾಲ್ಸ್‌ನಲ್ಲಿ ನೀರಿನ ಬಲದಿಂದ ಹತ್ತಿ ಗಿರಣಿ ನಡೆಯಿತು. ಅಲ್ಲಿ 1887ರಲ್ಲೇ ವಿದ್ಯುತ್ತು ತಯಾರಾಯಿತೆಂದು ದಾಖಲೆ ಹೇಳುತ್ತದೆ. ಕಮರಿಯೊಳಗಿನ ಆ ವಿದ್ಯುದಾಗಾರಕ್ಕೆ ಇಳಿಯುವ ದಾರಿ ರೋಪ್‌ವೇ. ಮೇಲೆ ಸುಮಾರು 200 ಮೀಟರು ಉದ್ದದ ತೂಗುಸೇತುವೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಆರಂಭವಾದ ಮೇಲೆ ಅದಕ್ಕೆ ಬೇಕಾದ ಅದಿರು ಕೆಮ್ಮಣ್ಣುಗುಂಡಿಯ ನೆತ್ತಿಯಿಂದ ತಣಿಗೆಬೈಲಿಗೆ ಹಗ್ಗದ ಮೇಲಿನ ತೊಟ್ಟಿಗಳಲ್ಲಿ ಇಳಿಯುತ್ತಿತ್ತು. ಇಂಥ ಇಳಿಜಾರಿನ ರೋಪ್‌ವೇಗಳಲ್ಲಿ ತುಂಬಿದ ತೊಟ್ಟಿಗಳ ಭಾರವೇ ಖಾಲಿ ತೊಟ್ಟಿಗಳನ್ನು ಮೇಲಕ್ಕೆ ಎಳೆಯಬಲ್ಲದು.

ಹಾಗಾದರೆ ಕಾಡಿನ ಜಿಪ್‌ಲೈನ್ ಎಲ್ಲಿಯದು? ಅದರ ಬೇರಿರುವುದು ವಿಜ್ಞಾನದಲ್ಲಿ. ಮಳೆಕಾಡಿನ ಹೂ, ಹಣ್ಣು, ಕೀಟ, ಹಕ್ಕಿಗಳ ಬಹುಪಾಲು ಬದುಕು ನೆಲದಿಂದ ಮೂವತ್ತು ನಲವತ್ತು ಮೀಟರು ಮೇಲೆ, ಮರಗಳ ಮುಡಿಯಲ್ಲಿ ನಡೆಯುತ್ತದೆ. ನೆಲದ ಮೇಲೆ ನಿಂತ ಜೀವವಿಜ್ಞಾನಿಗೆ ಅದು ಕಾಣಿಸದು. 1970ರ ದಶಕದಲ್ಲಿ ಡೊನಾಲ್ಡ್ ಪೆರ್‍ರಿ ಎಂಬ ಸಂಶೋಧಕ ಕೋಸ್ಟರಿಕದ ಕಾಡಿನಲ್ಲಿ ಮರದಿಂದ ಮರಕ್ಕೆ ಹಗ್ಗ ಹಾಕಿ, ರಾಟೆಗಳಿಂದ ಓಡಾಡುತ್ತ ಆ ಮೇಲಂತಸ್ತನ್ನು ಅಧ್ಯಯನ ಮಾಡಿದ. 1990ರ ದಶಕದಲ್ಲಿ ಅದೇ ದೇಶದಲ್ಲಿ ಅದು ಪ್ರವಾಸಿಗಳ ಆಟವಾಯಿತು; ಅಲ್ಲಿಂದ ದ್ವೀಪಗಳಿಗೆ ಹಬ್ಬಿ, ನಮ್ಮ ದಾಂಡೇಲಿಗೂ ಬಂತು.

ಇನ್ನು ಶಿಷ್ಯನ ಪ್ರಶ್ನೆ. ಗೆಲಿಲಿಯೊ ಸುಳ್ಳಲ್ಲ, ಅವನ ಮಾತಿಗೆ ‘ಗಾಳಿಯ ತಡೆಯನ್ನು ಬಿಟ್ಟರೆ’ ಎಂಬ ಷರತ್ತು ಇದೆ. ಪರೀಕ್ಷೆಯಲ್ಲಿ ನಾವು ಅದನ್ನು ಬಿಟ್ಟೇ ಬರೆಸುತ್ತೇವೆ, ಆಮೇಲೆ ಮರೆಯುತ್ತೇವೆ. ತಪ್ಪು ನನ್ನದೂ ಹೌದು. 20 ಮೀಟರು ಇಳಿದವನ ವೇಗ, ಯಾವ ತಡೆಯೂ ಇಲ್ಲದಿದ್ದರೆ, ಗಂಟೆಗೆ ಸುಮಾರು 71 ಕಿ.ಮೀ. ಆ ವೇಗದಲ್ಲಿ ಗಾಳಿಯ ತಡೆ ಸಣ್ಣದಲ್ಲ. ತಡೆ ದೇಹದ ಮೈಹರವಿಗೆ ತಕ್ಕಂತೆ, ಮುಂದಕ್ಕೆ ಒಯ್ಯುವ ಬಲ ತೂಕಕ್ಕೆ ತಕ್ಕಂತೆ. ಚಿಕ್ಕ ಮೈಯಲ್ಲಿ ತೂಕ ಕಡಿಮೆಯಾದಷ್ಟು ಹರವು ಕಡಿಮೆಯಾಗುವುದಿಲ್ಲ. ಒಂದೇ ಮಾಟದ ಮೈ ಎಂದುಕೊಂಡರೆ, ಒಂದು ಕಿಲೋ ತೂಕಕ್ಕೆ ಮಗಳ ಮೇಲೆ ಬೀಳುವ ತಡೆ ತಂದೆಗಿಂತ ಸುಮಾರು ಶೇಕಡಾ 40ರಷ್ಟು ಹೆಚ್ಚು. ಹಗ್ಗವು ಜೋತಿನ ತಳಕ್ಕೆ ಬಂದು ಮತ್ತೆ ಮೇಲೇರುವ ಕೊನೆಯ ಭಾಗದಲ್ಲಿ ಅವಳ ಚಲನಶಕ್ತಿ ಸಾಲದೆ ಹೋಯಿತು. ಎದುರುಗಾಳಿ ಇದ್ದರೆ ಇನ್ನೂ ಬೇಗ ನಿಲ್ಲುತ್ತಾಳೆ. ತಂದೆ ಧಡ್ ಎಂದು ಮುಟ್ಟಿದ್ದಕ್ಕೂ ಮಗಳು ನಿಂತದ್ದಕ್ಕೂ ಕಾರಣ ಒಂದೇ. ಎರಡರಲ್ಲಿ ಹೆಚ್ಚು ಅಪಾಯದ್ದು ತಂದೆಯದು. ನಡುವೆ ನಿಂತವರನ್ನು ಎಳೆದು ತರಬಹುದು. ತುದಿಯ ಕಂಬಕ್ಕೆ ಬಡಿಯುವವರಿಗೆ ಬ್ರೇಕು ಬಿಟ್ಟರೆ ಗತಿಯಿಲ್ಲ. ಹೀಗೆಂದೇ ಅವನಿಗೆ ಬರೆದೆ.

ಆದರೆ ಪತ್ರ ಬರೆಯುತ್ತಿರುವಾಗ ಬೇರೊಂದು ನೆನಪಾಯಿತು. ಮುಂಡರಗಿ ತಾಲ್ಲೂಕಿನ ತುಂಗಭದ್ರೆಯ ದಂಡೆಯಿಂದ ನನ್ನ ತರಗತಿಗೆ ಬರುತ್ತಿದ್ದ ಹುಡುಗನೊಬ್ಬ, ಹೊಳೆ ದಾಟುವ ಸಾಹಸ ಕ್ರೀಡೆಗಳ ಮಾತು ಬಂದಾಗ, “ನಮ್ಮವ್ವ ಹರಗೋಲದಾಗ ಕುಂತು ಆಚಿ ದಂಡಿ ಹೊಲಕ್ಕ ಹೋಗ್ತಿದ್ಲು ಸರ, ಅದಕ್ಕ ಯಾರೂ ಸಾಹಸ ಅನ್ನಲಿಲ್ಲ” ಎಂದಿದ್ದ. ನೇಪಾಳದಲ್ಲಿ ‘ತುಯಿನ್’ ಎಂಬ ಒಂಟಿತಂತಿಯ ದಾಟುಗಳಲ್ಲಿ ಶಾಲೆಗೆ ಹೋಗುವ ಮಕ್ಕಳು ಬೆರಳು ಕಳೆದುಕೊಂಡದ್ದುಂಟು. ನಮ್ಮ ಮಲೆನಾಡು, ಕರಾವಳಿಗಳಲ್ಲಿ ಹಳ್ಳಕ್ಕೆ ಅಡ್ಡ ಮರದ ದಿಮ್ಮಿ ಹಾಕಿದ ಕಾಲುಸಂಕಗಳಿವೆ. 2022ರ ಮಳೆಗಾಲದಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಅಂಥ ಸಂಕದಿಂದ ಬಿದ್ದು ತೀರಿಕೊಂಡಳು. ಆ ಕೂಸಿಗೆ ಹೆಲ್ಮೆಟ್ಟೂ ಇರಲಿಲ್ಲ, ಸೊಂಟದ ಪಟ್ಟಿಯೂ ಇರಲಿಲ್ಲ, ಮಾರ್ಗದರ್ಶಿಯೂ ಇರಲಿಲ್ಲ.

ಸುಳ್ಯದ ಮೆಕ್ಯಾನಿಕಲ್ ಎಂಜಿನಿಯರ್ ಗಿರೀಶ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಜಿಪ್‌ಲೈನಿನ ಉಕ್ಕಿನ ಹಗ್ಗ, ಅದೇ ಜೋತಿನ ಲೆಕ್ಕ. ಇಲ್ಲಿ ಅದರ ಮೇಲೆ ಹಲಗೆ ಇದೆ, ಹಲಗೆಯ ಮೇಲೆ ಶಾಲೆಯ ಚೀಲ ಹೊತ್ತ ಮಕ್ಕಳು.

ಶಿಷ್ಯನಿಂದ ಎರಡನೆಯ ಪತ್ರ ಬಂತು. ಈ ಸಲ ಪ್ರಶ್ನೆ ಮಗಳದು. ಹಗ್ಗವಿಲ್ಲದೆ ಕಣಿವೆ ದಾಟಲಾಗದು, ದಾಟದೆ ಹಗ್ಗ ಕಟ್ಟಲಾಗದು. ಹಾಗಾದರೆ ಮೊದಲ ಹಗ್ಗ ಆಚೆ ಹೋಗುವುದು ಹೇಗೆ? ಮುದ್ದಾದ ಪ್ರಶ್ನೆ. ಮೊದಲು ದಾರ, ದಾರಕ್ಕೆ ಕಟ್ಟಿ ಹುರಿ, ಹುರಿಗೆ ಕಟ್ಟಿ ಹಗ್ಗ, ಹೀಗೆ ಒಂದನ್ನೊಂದು ಎಳೆಯಬೇಕು. ಅಮೆರಿಕದ ನಯಾಗರ ಕಮರಿಗೆ ತೂಗುಸೇತುವೆ ಕಟ್ಟುವಾಗ 1848ರ ಜನವರಿಯಲ್ಲಿ ಆ ಮೊದಲ ದಾರವನ್ನು ದಾಟಿಸಿದವನು ಹೋಮನ್ ವಾಲ್ಶ್ ಎಂಬ ಹದಿಹರೆಯದ ಹುಡುಗ. ಗಾಳಿಪಟ ಹಾರಿಸಿ, ಬಹುಮಾನ ಗೆದ್ದ. ಎರಡು ತಿಂಗಳಲ್ಲಿ ಎಂಜಿನಿಯರ್ ಚಾರ್ಲ್ಸ್ ಎಲೆಟ್ ಅಲ್ಲಿ ಕಬ್ಬಿಣದ ಬುಟ್ಟಿಯಲ್ಲಿ ಕುಳಿತು ಹಗ್ಗದ ಮೇಲೆ ಕಮರಿ ದಾಟಿದ.

ಮುಂದಿನ ಆಷಾಢಕ್ಕೆ ಊರಿಗೆ ಬರುತ್ತಾರಂತೆ. ಗದಗಿನ ಗಾಳಿಗೆ ಪಟ ಹಾರಿಸಲು ಮಗಳು ಈಗಲೇ ದಾರ ಕೂಡಿಹಾಕುತ್ತಿದ್ದಾಳೆ ಎಂದು ಬರೆದಿದ್ದಾನೆ.