ಎರಡು ಹೆಸರುಗಳು: ಕೌಂಡಿನ್ಯ ಮತ್ತು ಉತ್ತಂಗಿ

ನಮ್ಮ ಮೂಗೂರಿನಂತಹ ಊರುಗಳಲ್ಲಿ ಹೊಸಬರನ್ನು ಕಂಡೊಡನೆ ಹಿರಿಯರು ಕೇಳುವ ಪ್ರಶ್ನೆ ‘ನೀನು ಯಾರ ಪೈಕಿ?’ ಎಂಬುದು. ಮನೆತನ, ಕುಲ, ಬೀದಿ ಇವು ತಿಳಿದ ಮೇಲೆಯೇ ಮಾತು ಮುಂದುವರಿಯುತ್ತದೆ. ಇದರಲ್ಲಿ ಆತ್ಮೀಯತೆಯೂ ಉಂಟು, ಅಳತೆಗೋಲೂ ಉಂಟು. ಹಾಗಾದರೆ ಹುಟ್ಟಿದ ಮತವನ್ನು ಬಿಟ್ಟು ಕ್ರೈಸ್ತಮತವನ್ನು ಸ್ವೀಕರಿಸಿದ ಕನ್ನಡಿಗರು ಈ ಪ್ರಶ್ನೆಗೆ ಏನೆಂದು ಉತ್ತರಿಸಿದರು? ತರಗತಿಯಲ್ಲಿ ನಾನು ಹರ್ಮನ್ ಮೊಗ್ಲಿಂಗರ ‘ಮಂಗಳೂರು ಸಮಾಚಾರ’ (1843) ಮತ್ತು ಕಿಟೆಲ್ಲರ ನಿಘಂಟು (1894) ಇವುಗಳ ಬಗೆಗೆ ಹೇಳಿದ್ದು ನಿಮಗೆ ನೆನಪಿರಬಹುದು. ಅವರು ಜರ್ಮನಿಯಿಂದ ಬಂದವರು. ಈ ಲೇಖನ ಇಲ್ಲಿಯೇ ಹುಟ್ಟಿ ಬೆಳೆದ ಇಬ್ಬರನ್ನು ಕುರಿತದ್ದು.

ಮೊದಲನೆಯವರು ಆನಂದರಾವ್ ಕೌಂಡಿನ್ಯ. 1825ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಬಾಸೆಲ್ ಮಿಶನ್ನಿನ ಮೊಗ್ಲಿಂಗರ ಬಳಿ ವಿದ್ಯೆ ಕಲಿತು, 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದರು. ಆಗ ಅವರಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಮತಾಂತರಗೊಂಡವನಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕಿಲ್ಲವೆಂಬ ಕಟ್ಟಳೆಯಿದ್ದ ಕಾಲ ಅದು. ಅದನ್ನು ತೆಗೆದುಹಾಕಿದ ಕಾಯಿದೆ ದೇಶದಾದ್ಯಂತ ಜಾರಿಗೆ ಬಂದದ್ದು 1850ರಲ್ಲಿ. ಆಸ್ತಿಗಿಂತ ದೊಡ್ಡ ನಷ್ಟ ಮನೆಯ ನಷ್ಟ. ಅವರ ಮೊದಲ ಪತ್ನಿ ಅವರೊಡನೆ ಬಂದು ಬಾಳಲಿಲ್ಲ. ಆ ಹೆಣ್ಣುಮಗಳ ಕಷ್ಟವನ್ನು ಚರಿತ್ರೆ ಅಷ್ಟಾಗಿ ಬರೆದಿಡಲಿಲ್ಲ. ನಾವಾದರೂ ಅದನ್ನು ಮರೆಯಬಾರದು.

ಇಷ್ಟೆಲ್ಲ ಕಳೆದುಕೊಂಡವರು ತಮ್ಮ ಹೆಸರನ್ನು ಹೇಗೆ ಬರೆದುಕೊಂಡರು ನೋಡಿ: ಹರ್ಮನ್ ಆನಂದರಾವ್ ಕೌಂಡಿನ್ಯ. ಮೊದಲಿಗೆ ಗುರುವಿನ ಹೆಸರು, ನಡುವೆ ಹೆತ್ತವರು ಇಟ್ಟ ಹೆಸರು, ಕೊನೆಯಲ್ಲಿ ಋಷಿಯ ಹೆಸರು. ಹೊಸದನ್ನು ಸೇರಿಸಿಕೊಂಡರೇ ಹೊರತು ಹಳೆಯದನ್ನು ಅಳಿಸಲಿಲ್ಲ. 1846ರಲ್ಲಿ ಮೊಗ್ಲಿಂಗರೊಡನೆ ಯೂರೋಪಿಗೆ ಹೋಗಿ, ಬಾಸೆಲ್ಲಿನಲ್ಲಿ ದೇವಶಾಸ್ತ್ರವನ್ನು ಅಭ್ಯಾಸ ಮಾಡಿ, 1851ರಲ್ಲಿ ಬೋಧಕರಾಗಿ ಹಿಂತಿರುಗಿದರು. ಅನಂತರ ಮಂಗಳೂರಿನಲ್ಲಿ ಉಪಾಧ್ಯಾಯರಾಗಿ ದುಡಿದರು. ಕೊಡಗಿನಲ್ಲಿ ಸಮಾಜವು ಮುಟ್ಟದೆ ದೂರವಿಟ್ಟಿದ್ದ ಕುಟುಂಬಗಳಿಗಾಗಿ ಏರ್ಪಟ್ಟ ಆನಂದಪುರದೊಡನೆ ಅವರ ಹೆಸರು ಬೆರೆತಿದೆ. ತಾನು ಹುಟ್ಟಿನಿಂದ ಪಡೆದಿದ್ದ ಎತ್ತರವನ್ನು ಇಳಿದು ಬಂದವನು, ಹುಟ್ಟಿನಿಂದಲೇ ಎತ್ತರ ನಿರಾಕರಿಸಲ್ಪಟ್ಟವರ ಜೊತೆ ನಿಂತದ್ದು ಅಲ್ಲಿ. 1893ರಲ್ಲಿ ತೀರಿಕೊಂಡರು.

ಎರಡನೆಯವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಜನಿಸಿದ ಇವರ ತಂದೆ ದಾನಿಯೇಲಪ್ಪ, ತಾಯಿ ಸುಭಕ್ತವ್ವ. ಬೈಬಲಿನ ದಾನಿಯೇಲನಿಗೆ ನಮ್ಮವರು ‘ಅಪ್ಪ’ನನ್ನು ಸೇರಿಸಿ ಕನ್ನಡಿಗನನ್ನಾಗಿ ಮಾಡಿಕೊಂಡ ಬಗೆಯನ್ನು ನೋಡಿದರೆ ಸಂತೋಷವಾಗುತ್ತದೆ. ಚನ್ನಪ್ಪನವರು ಮಂಗಳೂರಿನಲ್ಲಿ ದೇವಶಾಸ್ತ್ರವನ್ನು ಕಲಿತು ಉತ್ತರ ಕರ್ನಾಟಕದಲ್ಲಿ ಸಭಾಪಾಲಕರಾದರು. ಭಾನುವಾರ ಸುವಾರ್ತೆ ಬೋಧಿಸುತ್ತಿದ್ದ ಇದೇ ಪಾದ್ರಿಗಳು ಊರೂರು ಸುತ್ತಿ ಸರ್ವಜ್ಞನ ತ್ರಿಪದಿಗಳನ್ನು ಕಲೆಹಾಕಿ, ಪಾಠಾಂತರಗಳನ್ನು ಹೋಲಿಸಿ, 1924ರಲ್ಲಿ ಪ್ರಕಟಿಸಿದರು. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ, ನಿಮ್ಮಿಂದಲೂ ಮಾಡಿಸಿದ ತ್ರಿಪದಿಗಳ ಹಿಂದೆ ಈ ಶ್ರಮವಿದೆ. ಮುಂದೆ ಶಿವಶರಣರ ವಚನಗಳನ್ನು ಸಂಪಾದಿಸಿದರು, ಅನುಭವಮಂಟಪದ ಐತಿಹಾಸಿಕತೆಯನ್ನು ಸಮರ್ಥಿಸಿ ಬರೆದರು. ಅವರ ಇನ್ನೊಂದು ಕೃತಿಯ ಹೆಸರು ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ಆಜ್ಞೆಯಲ್ಲ, ಖಂಡನೆಯಲ್ಲ, ವಿನಂತಿ. ಆ ಒಂದು ಪದದಲ್ಲಿ ಅವರ ಸ್ವಭಾವವೆಲ್ಲ ಅಡಗಿದೆ.

1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆ ಸೀಮೆ ನಿಜಾಮರ ಆಳ್ವಿಕೆಯಿಂದ ಬಿಡುಗಡೆ ಹೊಂದಿ ಹೆಚ್ಚು ಕಾಲವಾಗಿರಲಿಲ್ಲ. ಕನ್ನಡಿಗರು ತಮ್ಮ ನಾಡು ಒಂದಾಗಬೇಕೆಂದು ಹಂಬಲಿಸುತ್ತಿದ್ದ ಹೊತ್ತಿನಲ್ಲಿ, ಆ ಪೀಠದಲ್ಲಿ ಕುಳಿತವರು ಒಬ್ಬ ಕ್ರೈಸ್ತ ಪಾದ್ರಿ. ‘ತಿರುಳ್ಗನ್ನಡದ ತಿರುಕ’ ಎಂದು ಅವರು ತಮ್ಮನ್ನು ಕರೆದುಕೊಂಡರು. 1962ರಲ್ಲಿ ನಿಧನರಾದರು.

ಮತಾಂತರದ ವಿಷಯ ಬಂದಾಗ ಜನರು ಸಾಮಾನ್ಯವಾಗಿ ಎರಡೇ ಮಾತು ಆಡುತ್ತಾರೆ: ಆಸೆಗೆ ಹೋದರು, ಇಲ್ಲವೆ ಮೋಸಹೋದರು. ಕೌಂಡಿನ್ಯರು ಆಸೆಗೆ ಹೋದವರಲ್ಲ, ಇದ್ದುದನ್ನು ಬಿಟ್ಟುಹೋದವರು. ಉತ್ತಂಗಿಯವರು ತಮ್ಮತನವನ್ನು ಕಳೆದುಕೊಂಡವರಲ್ಲ, ನಮ್ಮೆಲ್ಲರ ಸ್ವತ್ತನ್ನು ಹುಡುಕಿ ತಂದುಕೊಟ್ಟವರು. ಮನುಷ್ಯನ ಬೆಲೆ ಅವನ ಹುಟ್ಟಿನಲ್ಲಿಲ್ಲ, ದೇವರು ಅವನನ್ನು ಪ್ರೀತಿಸುತ್ತಾನೆ ಎಂಬುದರಲ್ಲಿದೆ ಎಂಬ ನಂಬಿಕೆ ಅವರಿಬ್ಬರಿಗೂ ಆಧಾರವಾಗಿತ್ತು. ಅಂತಹ ಆಧಾರವುಳ್ಳವನು ನೆರೆಯವನ ದೇವರಿಗೆ ಅಂಜಬೇಕಾಗಿಲ್ಲ. ಅವನ ವಚನವನ್ನು ಪ್ರೀತಿಯಿಂದ ಓದಬಲ್ಲನು. ಆ ನಂಬಿಕೆಯನ್ನು ನಾವು ಒಪ್ಪಬಹುದು, ಬಿಡಬಹುದು. ಅದು ಒಬ್ಬ ಪಾದ್ರಿಯಿಂದ ಸರ್ವಜ್ಞನನ್ನು ಉಳಿಸಿತು ಎಂಬುದು ಮಾತ್ರ ಚರಿತ್ರೆ.

ನಿಮ್ಮ ಮಕ್ಕಳು ಸರ್ವಜ್ಞನನ್ನು ಕಲಿಯುವಾಗ, ಉತ್ತಂಗಿ ಚನ್ನಪ್ಪನವರು ಯಾರೆಂಬುದನ್ನೂ ಅವರಿಗೆ ಹೇಳಿಕೊಡಿ.